ಅಂಕ ಬೇರೆ, ಬಾಳು ಬೇರೆ

ಮಹಾರಾಷ್ಟ್ರದ ಜತ್ತ ತಾಲೂಕಿನ ಶೇಗಾಂವದಂಥ ಗಡಿಯೂರಿನಲ್ಲಿ ಆಟಿಸಂ ಇರುವ ಮಗ ಬೆಳೆದು ದೊಡ್ಡವನಾದರೆ, ಅವನ ಬಗ್ಗೆ ಎಲ್ಲರ ಬಳಿಯೂ ಉತ್ತರವಿರುತ್ತದೆ. ಅವನನ್ನು ಕೇಳುವವರು ಕಡಿಮೆ.

ತಪ್ಪು ಕಲ್ಪನೆ: ಆಟಿಸಂ ಮಕ್ಕಳ ಸಮಸ್ಯೆ.
ವಾಸ್ತವ: ಆಟಿಸಂ ಜೀವನಪೂರ್ತಿ ಇರುತ್ತದೆ. 18 ತುಂಬಿದವರಿಗೆ ಕಾನೂನುಬದ್ಧ ಪೋಷಕರನ್ನು (ಗಾರ್ಡಿಯನ್) ನೇಮಿಸುವ ವ್ಯವಸ್ಥೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲೇ ಇದೆ.

ತಪ್ಪು ಕಲ್ಪನೆ: ತಪಾಸಣೆಯ ಅಂಕ ನೋಡಿದರೆ ಬದುಕು ಗೊತ್ತಾಗುತ್ತದೆ.
ವಾಸ್ತವ: ಆಟಿಸಂ ಅಳೆಯುವ ನಮ್ಮ ದೇಶದ ಐಎಸ್‌ಎಎ ಮಾಪನದಲ್ಲಿ 40 ಅಂಶಗಳಿವೆ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ, 153 ದಾಟಿದರೆ ತೀವ್ರ. ಇಬ್ಬರು ಯುವಕರಿಗೆ ತಲಾ 120 ಬಂತೆನ್ನಿ. ಒಬ್ಬ ಕಾಕಾನ ಜೊತೆ ಆಡು ಮೇಯಿಸಲು ಹೋಗುತ್ತಾನೆ, ಓಣಿಯವರೆಲ್ಲ ಹೆಸರು ಹಿಡಿದು ಕರೆಯುತ್ತಾರೆ. ಇನ್ನೊಬ್ಬನಿಗೆ ಹಗಲೆಲ್ಲ ಒಳಕೋಣೆಯೇ ಗತಿ. ಕಾಗದದಲ್ಲಿ ಇಬ್ಬರೂ ಒಂದೇ.

ತಪ್ಪು ಕಲ್ಪನೆ: ಅವನ ಬಾಳು ಹೇಗಿದೆಯೆಂದು ಅವ್ವ-ಅಪ್ಪ ಹೇಳಿದರೆ ಸಾಕು.
ವಾಸ್ತವ: ಅವ್ವನ ಉತ್ತರದಲ್ಲಿ 'ನಾ ಹೋದಮ್ಯಾಲ ಇವನ್ನ ಯಾರ ನೋಡ್ತಾರ?' ಎಂಬ ಚಿಂತೆಯೂ ಬೆರೆತಿರುತ್ತದೆ. ಅದು ಸಹಜ, ಆದರೆ ಅದು ಅವಳ ಬಾಳಿನ ಅಳತೆ. ಮಾತು ಕಡಿಮೆ ಇದ್ದವನಿಗೆ ಚಿತ್ರ ತೋರಿಸಿ, ಮನೆಮಾತಿನಲ್ಲಿ ಕೇಳಿ, ಅವಸರ ಮಾಡದೆ ಕಾಯಬೇಕು. ಆಗಲೂ ಆಗದಿದ್ದರೆ, ಇದು ಬೇರೆಯವರು ಹೇಳಿದ್ದು ಎಂದು ಬರೆದಿಡಬೇಕು.

ತಪ್ಪು ಕಲ್ಪನೆ: ಜಾತ್ರೆ, ಮದುವೆಗೆ ಹೋದರೆ ಸಮಾಜದಲ್ಲಿ ಬೆರೆತ ಹಾಗೆ.
ವಾಸ್ತವ: ಗುಡ್ಡಾಪುರದ ದಾನಮ್ಮನ ಜಾತ್ರೆಯನ್ನೇ ತೆಗೆದುಕೊಳ್ಳಿ. ಮೈಕು, ಹಲಗೆ, ನೂಕುನುಗ್ಗಲು. ಸದ್ದು ತಡೆಯಲಾರದವನಿಗೆ ಅದು ಹಿಂಸೆ. ಗದ್ದಲ ಕರಗಿದ ಮೇಲೆ ಹೋಗಿ ಕೈಮುಗಿದು ಬರುವುದು ಅವನಿಗೆ ಇಷ್ಟವಿರಬಹುದು. 'ಜಾತ್ರೆಗೆ ಹೋದನೇ?' ಎಂದಷ್ಟೇ ಕೇಳುವ ನಮೂನೆ ಅವನನ್ನು ಹೊರಗಿನವನೆಂದು ಬರೆದುಕೊಳ್ಳುತ್ತದೆ. ತನಗೆ ಬೇಕಾದಾಗ, ಬೇಕಾದ ಹಾಗೆ ಹೋಗಲು ಅವನಿಗೆ ಸಾಧ್ಯವಿದೆಯೇ ಎಂದು ಕೇಳಬೇಕಿತ್ತು.

ತಪ್ಪು ಕಲ್ಪನೆ: ಎಲ್ಲರಿಗೂ ಕೇಳುವ ಪ್ರಶ್ನೆಗಳೇ ಇವರಿಗೂ ಸಾಕು.
ವಾಸ್ತವ: ಬಾಳಿನ ಗುಣಮಟ್ಟ ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಮಾಪನ ಒಳ್ಳೆಯದೇ. 1990ರ ದಶಕದಲ್ಲಿ ಅದರ ಮೂಲ ರೂಪ ಸಿದ್ಧವಾದ ಕೇಂದ್ರಗಳಲ್ಲಿ ದೆಹಲಿ, ಮದ್ರಾಸುಗಳೂ ಇದ್ದವು. ಆದರೂ ಬಿಟ್ಟುಹೋದದ್ದಿತ್ತು. ಇಂಗ್ಲೆಂಡಿನ ನ್ಯೂಕ್ಯಾಸಲ್ ಸಂಶೋಧಕರು ಆಟಿಸಂ ಇರುವ ವಯಸ್ಕರನ್ನೇ ಕೇಳಿ 9 ಪ್ರಶ್ನೆ ಸೇರಿಸಿ 2018ರಲ್ಲಿ ಪ್ರಕಟಿಸಿದರು. ಸದ್ದು-ಬೆಳಕಿನ ಅಡ್ಡಿಯೂ ಅದರಲ್ಲಿದೆ.

ತಪ್ಪು ಕಲ್ಪನೆ: ಫಾರ್ಮ್ ತುಂಬಿಸಿಕೊಂಡರೆ ಸಮುದಾಯ ಭಾಗವಹಿಸಿದಂತೆ.
ವಾಸ್ತವ: ಅಮೆರಿಕದಲ್ಲಿ 2006ರಲ್ಲಿ ಶುರುವಾದ ಆಸ್ಪೈರ್ ಸಂಶೋಧನಾ ಬಳಗದಲ್ಲಿ ಆಟಿಸಂ ಇರುವವರೂ ಸಂಶೋಧಕರೇ, ಏನು ಕೇಳಬೇಕೆಂಬ ತೀರ್ಮಾನದಲ್ಲಿ ಅವರದೂ ಸಮಪಾಲು. ಜತ್ತದ ಕಡೆ ಹಾಗೆ ಕೂತರೆ, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂಬ ಪೇಚು ಮೊದಲ ಪ್ರಶ್ನೆಗಳಲ್ಲೇ ಬಂದೀತು. ಕಬ್ಬು ಕಡಿಯಲು ಮನೆಮಂದಿ ಗುಳೆ ಹೋದಾಗ ಅವನು ಯಾರ ಬಳಿ ಇರುತ್ತಾನೆ ಎಂಬುದೂ.