ಪುಕ್ಕಟೆ ಸಿಕ್ಕಿದ್ದು ಬಾಳಿಕೆ ಬರುತ್ತದೆಯೇ?

ಮದ್ದೂರಿನ ರೈತರೊಬ್ಬರು ಮಗಳ ಕಂಪ್ಯೂಟರ್ ಕೋರ್ಸಿಗಾಗಿ ಸಾಲಕ್ಕೆ ಓಡಾಡುತ್ತಿದ್ದರು. ‘ಮೊದಲು ಮನೆಯ ಕಂಪ್ಯೂಟರಿನಲ್ಲೇ ಅಪಾಚೆ ಹಾಕಿಕೊಂಡು ಕಲಿಯಲಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ’ ಎಂದೆ. ‘ಕಾಸಿಲ್ದೆ ಸಿಗೋದು ಬಾಳಿಕೆ ಬತ್ತದಾ ಮೇಷ್ಟ್ರೇ?’ ಎಂದರು. ನ್ಯಾಯವಾದ ಪ್ರಶ್ನೆ. ಅಳೆದು ನೋಡಿಯೇ ಇದಕ್ಕೆ ಉತ್ತರ ಹೇಳಬೇಕು.

ನಾವು ಜಾಲತಾಣದ ವಿಳಾಸ ಒತ್ತಿದಾಗ, ದೂರದ ಕಂಪ್ಯೂಟರಿನಿಂದ ಪುಟವನ್ನು ತೆಗೆದುಕೊಡುವ ತಂತ್ರಾಂಶವೇ ವೆಬ್ ಸರ್ವರ್. ಗ್ರಂಥಾಲಯದಲ್ಲಿ ಚೀಟಿ ನೋಡಿ ಪುಸ್ತಕ ಕೊಡುವವರಂತೆ ಅದರ ಕೆಲಸ. ಅಮೆರಿಕದ ಎನ್‌ಸಿಎಸ್‌ಎ ಸಂಸ್ಥೆಯಲ್ಲಿ ರಾಬ್ ಮೆಕೂಲ್ ಬರೆದಿದ್ದ ಇಂಥದೊಂದು ತಂತ್ರಾಂಶದ ಕೆಲಸ 1994ರಲ್ಲಿ, ಅವರು ಸಂಸ್ಥೆ ಬಿಟ್ಟ ಮೇಲೆ, ನಿಂತುಹೋಯಿತು. ಬಳಸುತ್ತಿದ್ದವರು ಸುಮ್ಮನೆ ಕೂರಲಿಲ್ಲ. ತಾವು ಹಾಕಿದ ತೇಪೆಗಳನ್ನು ಇ-ಮೇಲ್‌ನಲ್ಲಿ ಹಂಚಿಕೊಂಡರು. 1995ರಲ್ಲಿ ಅಪಾಚೆ ಹುಟ್ಟಿದ್ದು ಹೀಗೆ. ಅದರ ಮೂಲ ಬರಹವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು.

ಇದನ್ನು ಎಷ್ಟು ಜನ ಬಳಸುತ್ತಾರೆಂದು ಅಳೆಯುವುದು ಹೇಗೆ? ಪುಟ ಕಳಿಸುವಾಗ ಸರ್ವರ್ ಸಾಮಾನ್ಯವಾಗಿ ತನ್ನ ಹೆಸರನ್ನೂ ಹೇಳುತ್ತದೆ. ಇಂಗ್ಲೆಂಡಿನ ನೆಟ್‌ಕ್ರಾಫ್ಟ್ ಸಂಸ್ಥೆ 1995ರ ಆಗಸ್ಟ್‌ನಿಂದ ಜಾಲತಾಣಗಳನ್ನು ಕೇಳಿ ಲೆಕ್ಕವಿಡುತ್ತಿದೆ. ಮೊದಲ ಎಣಿಕೆಯಲ್ಲಿ ಸಿಕ್ಕಿದ್ದು 18,957 ತಾಣ. 1996ರ ಏಪ್ರಿಲ್ ವೇಳೆಗೆ ಅಪಾಚೆ ಮೊದಲ ಸ್ಥಾನಕ್ಕೆ ಬಂದಿತ್ತು.

ಆದರೆ ಮಕ್ಕಳೇ, ಒಂದು ಎಚ್ಚರಿಕೆ. ಮಂಡ್ಯದ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿ ಎಣಿಸಿದರೆ ಕಬ್ಬಿನ ತೂಕ ತಿಳಿಯುವುದೇ? ಒಂದೇ ಕಂಪ್ಯೂಟರಿನಲ್ಲಿ ಸಾವಿರಾರು ತಾಣಗಳಿರಬಹುದು; ಎಷ್ಟೋ ತಾಣಗಳು ಬರೀ ಹೆಸರಿಗೆ ಇರುತ್ತವೆ. 2006ರಲ್ಲಿ ಗೋಡ್ಯಾಡಿ ಕಂಪನಿ ಇಂಥ ಖಾಲಿ ತಾಣಗಳನ್ನು ಮೈಕ್ರೋಸಾಫ್ಟ್ ಸರ್ವರಿಗೆ ಬದಲಿಸಿದ್ದರಿಂದಲೇ ಅಪಾಚೆಯ ಪಾಲು ಇಳಿಯಿತು! ಆದ್ದರಿಂದ ಯಾವುದೇ ಅಂಕಿ ಕಂಡರೂ ‘ಎಣಿಸಿದ್ದು ಏನನ್ನು?’ ಎಂದು ಕೇಳಿ. 2019ರಲ್ಲಿ ತಾಣಗಳ ಎಣಿಕೆಯಲ್ಲಿ ಅಪಾಚೆಯನ್ನು ಹಿಂದಿಕ್ಕಿದ ಎಂಜಿನ್‌ಎಕ್ಸ್ ಕೂಡ ಮುಕ್ತ ತಂತ್ರಾಂಶವೇ.

ನಮ್ಮ ನಾಡಿಗೂ ಇದು ಹೊಸತಲ್ಲ. ಬೆಂಗಳೂರಿನಲ್ಲಿ 2001ರಲ್ಲೇ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ನಡೆದಿತ್ತು. ಮಂಡ್ಯ, ಮಳವಳ್ಳಿಯ ಮಕ್ಕಳು ಕಲಿಯಲು ಅಲ್ಲಿಗೇ ಹೋಗಬೇಕೆಂದಿಲ್ಲ. ಅಪಾಚೆಯನ್ನು ಹಾಕಿಕೊಂಡು ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್’ ಎಂದು ಒತ್ತಿ. ಕೆಲಸ ಸರಿಯಾಗಿದ್ದರೆ ಒಂದು ಪುಟ ತೆರೆಯುತ್ತದೆ. ಅಲ್ಲಿ ನಿಮ್ಮ ಊರಿನ ಬಗ್ಗೆ ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ.

ಪೋಷಕರಲ್ಲಿ ಒಂದು ಮಾತು: ಕೋರ್ಸು ಬೇಡವೆನ್ನುತ್ತಿಲ್ಲ. ಸಾಲಕ್ಕೆ ಸಹಿ ಹಾಕುವ ಮುಂಚೆ ಮಗುವಿಗೆ ಒಂದು ತಿಂಗಳು ಇದನ್ನು ಮಾಡಿ ನೋಡಲು ಬಿಡಿ. ಆಸಕ್ತಿ ಎಷ್ಟಿದೆಯೆಂದು ನಿಮಗೇ ತಿಳಿಯುತ್ತದೆ.