ಮಾಲ್ಗುಡಿಗೆ ವಿಳಾಸ ದೊರೆತ ಬಗೆ

ಎಲ್ಲಿಯೂ ಇಲ್ಲದ ಊರೊಂದನ್ನು ಕಣ್ಣಾರೆ ಕಾಣಬೇಕೆಂದು ಜನ ಶಿವಮೊಗ್ಗ ಜಿಲ್ಲೆಯ ಘಟ್ಟದ ಅಂಚಿಗೆ ಬರತೊಡಗಿ ದಶಕಗಳೇ ಸಂದಿವೆ. ತೀರ್ಥಹಳ್ಳಿಯನ್ನು ದಾಟಿ, ಆಗುಂಬೆಯ ಪೇಟೆಬೀದಿಯಲ್ಲಿ ಬಸ್ಸಿಳಿದು, ಸ್ವಾಮಿಯ ಮನೆ ಯಾವುದೆಂದು ವಿಚಾರಿಸುವ ಈ ಯಾತ್ರಿಕರಲ್ಲಿ ಎಷ್ಟೋ ಮಂದಿಗೆ ಕನ್ನಡ ಬಾರದು, ಮಲೆನಾಡಿನ ಪೂರ್ವಪರಿಚಯವೂ ಇರದು. ಆದರೂ ಆ ಮನೆಯ ಜಗಲಿಯನ್ನು ಕಂಡೊಡನೆ, ಬಾಲ್ಯದಲ್ಲಿ ಬಿಟ್ಟುಬಂದ ಅಜ್ಜನ ಮನೆಗೇ ಮರಳಿ ಬಂದವರಂತೆ ಅವರ ಮುಖ ಅರಳುವುದು. ದೇವರಿಲ್ಲದ, ಇತಿಹಾಸದ ಯಾವ ಘಟನೆಯೂ ನಡೆಯದ ಒಂದು ಜಗಲಿಗೆ ಇಂಥ ಮಹಿಮೆ ಪ್ರಾಪ್ತವಾದ ವೃತ್ತಾಂತವು ಸಾವಧಾನವಾಗಿ ಹೇಳತಕ್ಕಂಥದು.

ಅದರ ಆರಂಭ ಬೆಂಗಳೂರಿನಲ್ಲಿ. 1930ರ ವಿಜಯದಶಮಿಯಂದು, ಅಜ್ಜಿ ಗೊತ್ತುಮಾಡಿಕೊಟ್ಟ ಶುಭದಿನದಲ್ಲಿ, ಕೆಲಸವಿನ್ನೂ ಸಿಕ್ಕದ ತರುಣ ಆರ್. ಕೆ. ನಾರಾಯಣರು ನೋಟುಪುಸ್ತಕವೊಂದನ್ನು ತೆರೆದು ಕುಳಿತಾಗ, ಅವರ ಮನಸ್ಸಿನಲ್ಲಿ ಸಣ್ಣದೊಂದು ರೈಲು ನಿಲ್ದಾಣ ಮಾಲ್ಗುಡಿಯೆಂಬ ಹೆಸರು ಸಹಿತವಾಗಿ ಮೂಡಿತು. ಅದರ ಪ್ಲಾಟ್‌ಫಾರಮ್ಮಿನ ಮೇಲೆ ಪ್ರಯಾಣಿಕರ ಮುಖಗಳನ್ನು ಇಣುಕಿ ನೋಡುತ್ತ ಓಡುವ ಸ್ವಾಮಿನಾಥನೆಂಬ ಹುಡುಗನೂ ಕಾಣಿಸಿಕೊಂಡನು. ಅಂದು ಬರೆಯತೊಡಗಿದ ಕಾದಂಬರಿ ಗ್ರಹಾಂ ಗ್ರೀನರ ಶಿಫಾರಸಿನಿಂದ 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅಲ್ಲಿಂದ ಮುಂದೆ ಸರಯೂ ನದಿಯೂ, ಮೆಂಪಿ ಬೆಟ್ಟಗಳೂ, ಮಾರ್ಕೆಟ್ ರಸ್ತೆಯೂ ಒಂದೊಂದಾಗಿ ಕೂಡಿಕೊಂಡು, ಊರು ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯಿತು. ಅದು ಎಲ್ಲಿದೆಯೆಂದು ಕೇಳಿದವರಿಗೆ ನಾರಾಯಣರು, ಅದು ಕೇವಲ ಕಲ್ಪಿತವೆಂದೂ ಯಾವ ಭೂಪಟದಲ್ಲಿಯೂ ಸಿಕ್ಕದೆಂದೂ ಹೇಳುತ್ತಿದ್ದರು. ಷಿಕಾಗೋ ವಿಶ್ವವಿದ್ಯಾನಿಲಯದ ಮುದ್ರಣಾಲಯವು ಸಾಹಿತ್ಯದ ಭೂಪಟವೊಂದರಲ್ಲಿ ಅದಕ್ಕೂ ಒಂದು ಸ್ಥಾನವನ್ನು ಕೊಟ್ಟಿರುವುದನ್ನು ಜೊತೆಗೇ ನೆನೆಯುತ್ತಿದ್ದರು. ನ್ಯೂಯಾರ್ಕಿನ ಬೀದಿಯಲ್ಲಿಯೂ ಮಾಲ್ಗುಡಿಯ ಜನ ತಮಗೆ ಕಾಣಸಿಗುವರೆಂದು ಬರೆದ ಲೇಖಕನಿಗೆ ಊರಿನ ವಿಳಾಸದ ಹಂಗು ಎಲ್ಲಿಂದ ಬಂದೀತು?

ಆದರೆ ಸಿನಿಮಾದವರಿಗೆ ಕ್ಯಾಮೆರಾ ಇಡುವುದಕ್ಕೆ ಒಂದು ನೆಲ ಬೇಕೇ ಬೇಕು. 'ಗೈಡ್' ಕಾದಂಬರಿಯನ್ನು ಚಿತ್ರವಾಗಿಸಲು ಹೊರಟವರನ್ನು ನಾರಾಯಣರು ತಾವೇ ಕರೆದೊಯ್ದು, ಕಾವೇರಿಯ ದಂಡೆಯ ಮೇಲಿನ ಮೆಟ್ಟಿಲುಗಳನ್ನೂ, ಆಲದ ನೆರಳಿನ ಪುಟ್ಟ ಗುಡಿಯನ್ನೂ, ಗೋಪಾಲಸ್ವಾಮಿ ಬೆಟ್ಟವನ್ನೂ ತೋರಿಸಿದ್ದರು. ಬಂದವರು ಎಲ್ಲವನ್ನೂ ಮೆಚ್ಚಿದರು. ಮೆಚ್ಚಿ ಹಿಂದಿರುಗಿದ ಮೇಲೆ, ವರ್ಣಚಿತ್ರದ ವೈಭವಕ್ಕೆ ರಾಜಸ್ಥಾನವೇ ತಕ್ಕುದೆಂದು ನಿಶ್ಚಯಿಸಿ ಉದಯಪುರದ ಕಡೆಗೆ ನಡೆದರು. 1965ರಲ್ಲಿ ತೆರೆಗೆ ಬಂದ ಆ ಚಿತ್ರ ಜನಮನ್ನಣೆ ಪಡೆಯಿತು, ಅದರ ಹಾಡುಗಳು ಇಂದಿಗೂ ಬಾಳಿವೆ. ಆದರೆ ಮಾಲ್ಗುಡಿಯನ್ನು ಅರಸಿಕೊಂಡು ಉದಯಪುರಕ್ಕೆ ಹೋದವರನ್ನು ನಾನು ಕೇಳಿಲ್ಲ. ಲೇಖಕರು ತಮ್ಮ ನೋವನ್ನು ಒಂದು ಪ್ರಬಂಧವಾಗಿಯೇ ಬರೆದಿಟ್ಟರು. ಕಥೆಯೊಂದು ತನ್ನ ಮಣ್ಣಿನಿಂದ ಬೇರ್ಪಟ್ಟಾಗ ಉಂಟಾಗುವ ನಷ್ಟವನ್ನು ಅದಕ್ಕಿಂತ ಸ್ಪಷ್ಟವಾಗಿ ಹೇಳಿದ ಬರಹವನ್ನು ನಾನು ಓದಿಲ್ಲ.

ಇಪ್ಪತ್ತು ವರ್ಷಗಳ ಬಳಿಕ ಆ ನಷ್ಟವನ್ನು ತುಂಬಿಕೊಟ್ಟವನು ಶಂಕರ್ ನಾಗ್. ದೂರದರ್ಶನಕ್ಕಾಗಿ ಟಿ. ಎಸ್. ನರಸಿಂಹನ್ ನಿರ್ಮಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಆತ ಆರಿಸಿದ ಊರು ಆಗುಂಬೆ: ಹೆಂಚಿನ ಮಾಡುಗಳ ಒಂದು ಬೀದಿ, ಸುತ್ತಲೂ ಕಾಡು, ಕಾಲದ ಗಾಳಿ ಅಷ್ಟಾಗಿ ಸೋಕದ ಮನೆಗಳು. ಕಲಾನಿರ್ದೇಶಕ ಜಾನ್ ದೇವರಾಜರು ಆ ಬೀದಿಯನ್ನೇ ಮಾಲ್ಗುಡಿಯಾಗಿಸಿದರು. ಊರವರು ಬಾಗಿಲು ತೆರೆದರು. ಸ್ವಾಮಿಯಾಗಿ ಬಾಲಕ ಮಂಜುನಾಥ, ತಂದೆಯಾಗಿ ಗಿರೀಶ ಕಾರ್ನಾಡರು, ತಾಯಿಯಾಗಿ ವೈಶಾಲಿ ಕಾಸರವಳ್ಳಿಯವರು ನಟಿಸಿದರು, ಆರ್. ಕೆ. ಲಕ್ಷ್ಮಣರ ರೇಖೆಗಳೂ ಎಲ್. ವೈದ್ಯನಾಥನ್ನರ ರಾಗವೂ ಕೂಡಿದುವು. ಹಿಂದಿಯಲ್ಲಿ ಮಾತನಾಡಿದರೂ ಕರ್ನಾಟಕದ ಮಳೆ-ಬೆಳಕುಗಳಲ್ಲಿ ಮಿಂದೆದ್ದ ಆ ಧಾರಾವಾಹಿ, ಇಡೀ ದೇಶಕ್ಕೆ ದೂರದರ್ಶನವೊಂದೇ ಗತಿಯಾಗಿದ್ದ 1980ರ ದಶಕದಲ್ಲಿ ಮನೆಮನೆಯನ್ನೂ ಹೊಕ್ಕಿತು. ಯಾತ್ರೆಯ ಬೀಜ ಬಿದ್ದದ್ದು ಆಗಲೇ. ಓದುಗನು ತನ್ನ ಮಾಲ್ಗುಡಿಯನ್ನು ತಾನೇ ಕಟ್ಟಿಕೊಳ್ಳುತ್ತಾನೆ, ಅದಕ್ಕೆ ಅವನು ಎಲ್ಲಿಗೂ ಹೋಗಬೇಕಾದುದಿಲ್ಲ. ನೋಡುಗನಿಗಾದರೋ ಈ ಕಂಬ, ಈ ಮೆಟ್ಟಿಲು ಎಲ್ಲಿಯೋ ನಿಜವಾಗಿ ಇದೆಯೆಂಬ ಅರಿವು ಮನಸ್ಸಿನ ಮೂಲೆಯಲ್ಲಿ ಉಳಿದುಬಿಡುತ್ತದೆ. ಅಂದು ಧಾರಾವಾಹಿಯನ್ನು ನೋಡಿದ ಮಕ್ಕಳು ಬೆಳೆದು, ಸ್ವಂತ ಸಂಪಾದನೆ ಕೈಗೆ ಬಂದಾಗ, ಹೊರಟು ಬಂದರು.

ಅವರು ಬಂದು ನಿಲ್ಲುವುದು ದೊಡ್ಡಮನೆಯ ಮುಂದೆ. ನೂರು ವರ್ಷಕ್ಕೂ ಹಿಂದಿನ ತೊಟ್ಟಿಮನೆ ಅದು. ಸವೆದ ಮರದ ಕಂಬಗಳು, ನಡುವೆ ಆಕಾಶಕ್ಕೆ ತೆರೆದ ಅಂಗಳ. ಬಂದವರು ಚಪ್ಪಲಿ ಬಿಟ್ಟು, ಸ್ವಾಮಿ ಕುಳಿತಿದ್ದ ಜಾಗದಲ್ಲಿ ತಾವೊಮ್ಮೆ ಕುಳಿತು, ತಮಗರಿವಿಲ್ಲದೆಯೇ ಆ ರಾಗವನ್ನು ಗುನುಗುತ್ತಾರೆ. ಮನೆಯವರು ಕಷಾಯ ಕೊಡುತ್ತಾರೆ. ಊಟಕ್ಕೂ ರಾತ್ರಿಯ ತಂಗುವಿಕೆಗೂ ಇಷ್ಟೇ ಕೊಡಬೇಕೆಂಬ ದರವನ್ನು ಗೊತ್ತುಮಾಡದೆ, ಕೊಟ್ಟದ್ದನ್ನು ತೆಗೆದುಕೊಂಡು ಅತಿಥಿಗಳನ್ನು ನಡೆಸಿಕೊಂಡ ಖ್ಯಾತಿ ಈ ಮನೆಗಿದೆ. ಬಾಡಿಗೆಯ ಮಂಚವೊಂದು ದೊರೆತಿದ್ದರೆ ಯಾತ್ರಿಕನು ಪ್ರವಾಸಿಯಾಗಿಯೇ ಹಿಂದಿರುಗುತ್ತಿದ್ದನು. ಇಲ್ಲಿ ಅವನು ಕಥೆಯ ಒಳಕ್ಕೇ ಬಂದು ಉಂಡೆದ್ದು ಹೋಗುತ್ತಾನೆ. ಆಗುಂಬೆಯ ಹೆಸರು ನಿಂತದ್ದರಲ್ಲಿ ಶಂಕರನ ಕ್ಯಾಮೆರಾದಷ್ಟೇ ಪಾಲು ಈ ಅಡುಗೆಮನೆಯದೂ ಇದೆಯೆಂದು ನನ್ನ ದೃಢವಾದ ಭಾವನೆ.

ನಾರಾಯಣರ ಮಾಲ್ಗುಡಿ ಬಯಲುಸೀಮೆಯ ಬಿಸಿಲಿನ ಪಟ್ಟಣ. ಆಗುಂಬೆಯಾದರೋ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಘಟ್ಟದ ಹಳ್ಳಿ. ಈ ವ್ಯತ್ಯಾಸವನ್ನು ಎತ್ತಿ ತೋರಿಸುವ ಸಾಹಿತ್ಯಪ್ರಿಯರು ಮೈಸೂರಿನ ಯಾದವಗಿರಿಯಲ್ಲಿರುವ ನಾರಾಯಣರ ಮನೆಗೆ ಹೋಗಬೇಕೆನ್ನುವರು. ಅವರ ಮಾತು ನ್ಯಾಯವಾದುದೇ. ಕೆಡವುವ ಗಂಡಾಂತರದಿಂದ ಪಾರಾಗಿ 2016ರಲ್ಲಿ ವಸ್ತುಸಂಗ್ರಹಾಲಯವಾದ ಆ ಮನೆಯಲ್ಲಿ, ಎಂಟು ಕಿಟಕಿಗಳ ಒಂದು ಕೋಣೆಯುಂಟು. ಚಾಮುಂಡಿ ಬೆಟ್ಟವೇ ಮೊದಲಾದ ನೋಟಗಳು ಬರವಣಿಗೆಯನ್ನು ಕೆಡಿಸುವುವೆಂದು ನಾರಾಯಣರು ಅಲ್ಲಿ ದಪ್ಪ ಪರದೆಯನ್ನು ಇಳಿಬಿಟ್ಟು, ದಿನಕ್ಕೆ 1,000 ಪದಗಳಂತೆ ಬರೆದರು. ಹೊರಗಿನ ಮೈಸೂರನ್ನು ಮರೆಮಾಡಿ ಮಾಲ್ಗುಡಿಯನ್ನು ಕಂಡವರಿಗೆ, ಅದು ಆಗುಂಬೆಯ ರೂಪದಲ್ಲಿ ಕಂಡರೇನು ಕೊರತೆ?

ಧಾರಾವಾಹಿಯಲ್ಲಿ ಮಾಲ್ಗುಡಿಯ ನಿಲ್ದಾಣವಾಗಿದ್ದುದು ಶಿವಮೊಗ್ಗ-ತಾಳಗುಪ್ಪ ಮಾರ್ಗದ ಅರಸಾಳು. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದ ಮೇಲೆ ಹಳೆಯ ಕಟ್ಟಡ ಪಾಳುಬಿದ್ದಿತ್ತು. ನೈಋತ್ಯ ರೈಲ್ವೆಯು ಅದನ್ನು ದುರಸ್ತಿಮಾಡಿಸಿ, ಧಾರಾವಾಹಿಯ ನೆನಪುಗಳಿಂದ ತುಂಬಿ, 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವೆಂದು ತೆರೆಯಿತು. ಚಿತ್ರೀಕರಣವೊಂದಕ್ಕೆ ಸರ್ಕಾರದ ಹಣದಿಂದ ಸ್ಮಾರಕವೇಕೆಂದು ಆಕ್ಷೇಪಿಸುವವರಿರಬಹುದು. ನಾನಂತೂ ಅದನ್ನು ಮನಸಾರೆ ಒಪ್ಪುವವನು. 1990ರ ಸೆಪ್ಟೆಂಬರಿನಲ್ಲಿ, ದಾವಣಗೆರೆಯ ಬಳಿ ರಸ್ತೆಯ ಅಪಘಾತದಲ್ಲಿ, ಮೂವತ್ತಾರು ತುಂಬುವುದಕ್ಕೆ ಮೊದಲೇ ಹೋಗಿಬಿಟ್ಟ ಶಂಕರನಿಗೆ ಊರೂರುಗಳ ಆಟೋರಿಕ್ಷಾಗಳ ಮೇಲೆ ಚಿತ್ರಗಳಿವೆ. ಆದರೆ ಅವನ ಕೆಲಸವನ್ನೇ ಎದುರಿಗಿಟ್ಟು ತೋರಿಸುವ ಸ್ಥಳ ಇದಕ್ಕಿಂತ ತಕ್ಕುದಾದುದು ನನಗೆ ತಿಳಿದಿಲ್ಲ. ಇದನ್ನು ಸಜ್ಜುಗೊಳಿಸುವ ಕಾರ್ಯವನ್ನು ರೈಲ್ವೆಯವರು ಒಪ್ಪಿಸಿದ್ದು, ಅಂದು ಶಂಕರನ ಜೊತೆಗಿದ್ದ ಅದೇ ಜಾನ್ ದೇವರಾಜರಿಗೆ.