ಒಂದು ಅಂಚು, 12 ಕೆಬಿ

ಚಳ್ಳಕೆರೆ ಸೀಮೆಯ ಕಂಬಳಿಗೆ ನಕಲಿನ ಗೊಡವೆಯಿಲ್ಲ. ಹುಣಸೆ ಬೀಜದ ಗಂಜಿ ಕುಡಿದು ಬಿಗಿಯಾದ ಕರಿ ಉಣ್ಣೆಯ ಹಾಸು, ಅಂಚಿಗೊಂದು ಪಟ್ಟೆ. ಲೆಕ್ಕವೆಲ್ಲ ನೇಯುವವರ ತಲೆಯಲ್ಲೇ. ಪಕ್ಕದ ಮೊಳಕಾಲ್ಮುರಿಗೆ ಹೋದರೆ ಕಥೆಯೇ ಬೇರೆ. ಜಿಐ ಮಾನ್ಯತೆ ಪಡೆದ ಅಲ್ಲಿನ ರೇಷ್ಮೆ ಸೀರೆಗಳಲ್ಲಿ ಹೂವು, ಹಣ್ಣು, ಪ್ರಾಣಿಗಳ ಚಿತ್ತಾರ. ಒಂದು ಮಗ್ಗದಲ್ಲಿ ಮೂಡಿದ ನವಿಲು ಇನ್ನೊಂದರಲ್ಲೂ ಮೂಡಬೇಕೆಂದರೆ ನಕಲು ಆಗಲೇಬೇಕು. ಫೈಲ್ ಕಾಪಿ ಮಾಡುವ ತಲೆನೋವು ಕಂಪ್ಯೂಟರಿಗಿಂತ ಹಳೆಯದು.

ಮಗ್ಗದ ನೆತ್ತಿಯ ಮೇಲೆ ಕೂರುವ ಜಕಾರ್ಡ್ ಆಮೇಲೆ ಬಂದು ಸೇರಿಕೊಂಡ ಸಲಕರಣೆ. ಫ್ರಾನ್ಸಿನ ಜೋಸೆಫ್ ಮೇರಿ ಜಕಾರ್ಡ್ 1804ರಲ್ಲಿ ರೂಪಿಸಿದ್ದು. ಹೊಕ್ಕಿನ ಒಂದೊಂದು ಎಳೆಗೂ ಒಂದೊಂದು ರಟ್ಟಿನ ಕಾರ್ಡು. ತೂತಿದ್ದ ಕಡೆ ಕೊಕ್ಕೆ ಹಾಸಿನ ಎಳೆಯನ್ನು ಮೇಲೆತ್ತುತ್ತದೆ, ಇಲ್ಲದ ಕಡೆ ಬಿಟ್ಟುಬಿಡುತ್ತದೆ. 240 ಕೊಕ್ಕೆಯ ಜಕಾರ್ಡಿಗೆ 400 ಕಾರ್ಡಿನ ಒಂದು ಅಂಚಿನ ವಿನ್ಯಾಸ ಎಂದುಕೊಳ್ಳಿ: 96,000 ಜಾಗಗಳಲ್ಲಿ ತೂತು ಉಂಟೋ ಇಲ್ಲವೋ ತೀರ್ಮಾನವಾಗಬೇಕು. ಕಂಪ್ಯೂಟರ್ ಲೆಕ್ಕದಲ್ಲಿ ಅದು ಬರೀ 12 ಕೆಬಿ. ವಾಟ್ಸಾಪ್‌ನಲ್ಲಿ ಬೆಳಗಾದರೆ ಬಂದು ಬೀಳುವ ಶುಭೋದಯದ ಚಿತ್ರವೇ ಇದಕ್ಕಿಂತ ದೊಡ್ಡದು! ಆದರೆ ಈ 12 ಕೆಬಿಯನ್ನು ನಕಲು ಮಾಡಲು ಗ್ರಾಫ್ ಹಾಳೆಯ ಚೌಕ ಎಣಿಸುತ್ತ ಒಂದೊಂದೇ ಕಾರ್ಡಿಗೆ ತೂತು ಹೊಡೆದು, ಕ್ರಮ ತಪ್ಪದಂತೆ ದಾರದಲ್ಲಿ ಪೋಣಿಸಬೇಕು. ಒಂದು ತೂತು ತಪ್ಪಿತೋ, ವಿನ್ಯಾಸ ಸುತ್ತಿ ಬಂದಾಗಲೆಲ್ಲ ಅದೇ ಜಾಗದಲ್ಲಿ ತಪ್ಪೂ ಬರುತ್ತದೆ. ಹಾಗಾಗಿ ಎಷ್ಟು ಬೇಗ ಹೊಡೆದರು ಎಂಬುದಕ್ಕಿಂತ ತಾಳೆ ನೋಡಿದರೇ ಎಂಬುದೇ ಮುಖ್ಯ.

ಎಲೆಕ್ಟ್ರಾನಿಕ್ ಜಕಾರ್ಡಿಗೆ ರಟ್ಟಿನ ಹಂಗಿಲ್ಲ, ಪೆನ್‌ಡ್ರೈವ್ ಸಾಕು. ಆದರೆ ತಾಳೆ ನೋಡುವ ಬುದ್ಧಿ ವಿಂಡೋಸ್‌ನ ಕಾಪಿ-ಪೇಸ್ಟ್‌ಗೆ ಇರಲಿಲ್ಲ. ಎಕ್ಸ್‌ಪಿ ಕಾಲದಲ್ಲಿ ಸಾವಿರ ಫೈಲುಗಳ ನಡುವೆ ಒಂದು ಕೈಕೊಟ್ಟರೆ ಇಡೀ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಎಲ್ಲಿಯವರೆಗೆ ಹೋಗಿದೆ ಎಂದು ನಾವೇ ಹುಡುಕಬೇಕು. ಇಂಥ ಕಿರಿಕಿರಿಗೆ ಹೊರಗಿನ ಸಲಕರಣೆಗಳೇ ಒದಗಿಬಂದವು. ಮೈಕ್ರೋಸಾಫ್ಟ್‌ನದೇ ರೋಬೋಕಾಪಿ ಮೊದಲು ಬೇರೆಯಾಗಿ ಹಾಕಿಕೊಳ್ಳುವ ಸಾಧನವಾಗಿತ್ತು, ವಿಸ್ಟಾದಿಂದ ವಿಂಡೋಸ್ ಒಳಗೇ ಸೇರಿತು. 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್ ತಂದ ಆರ್‌ಸಿಂಕ್ ಇನ್ನೂ ಜಾಣತನದ್ದು. ನವಿಲಿನ ಕೊರಳು ತಿದ್ದಿದ್ದರೆ ಆ ಕೆಲವು ಕಾರ್ಡುಗಳನ್ನಷ್ಟೇ ಬಿಚ್ಚಿ ಬದಲಿಸಿದ ಹಾಗೆ, ಫೈಲಿನಲ್ಲಿ ಬದಲಾದ ಭಾಗವನ್ನಷ್ಟೇ ಕಳಿಸುತ್ತದೆ. ಟೆರಾಕಾಪಿ ಎಂಬ ಇನ್ನೊಂದು ಸಲಕರಣೆ ಕೆಟ್ಟ ಫೈಲನ್ನು ಬದಿಗಿಟ್ಟು ಮುಂದೆ ಹೋಗುತ್ತದೆ. ಹೇಳಿದರೆ, ಮೂಲವನ್ನೂ ನಕಲನ್ನೂ ಓದಿ ಹೋಲಿಸುತ್ತದೆ. ಅದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ಹಿಡಿಯಲಿ ಬಿಡಿ.

ವಿನ್ಯಾಸದ ಫೋಲ್ಡರ್ ಹೊರುವವರಿಗೆ ಇನ್ನೊಂದು ಮಾತು: ಪ್ರತಿ ಫೈಲಿಗೂ ತೆರೆಯುವುದು, ಹೆಸರು ದಾಖಲಿಸುವುದು, ಮುಚ್ಚುವುದು ಇದ್ದದ್ದೇ. ಹಾಗಾಗಿ ಸಾವಿರ ಚಿಕ್ಕ ಫೈಲುಗಳನ್ನು ಜಿಪ್ ಮಾಡಿ ಒಂದೇ ಗಂಟಾಗಿಸಿದರೆ ಪೆನ್‌ಡ್ರೈವ್‌ಗೆ ಬೇಗ ಇಳಿಯುತ್ತವೆ. ಮೂಲದಲ್ಲೇ ನವಿಲಿನ ಕಣ್ಣು ಬಿಟ್ಟುಹೋಗಿದ್ದರೆ ಮಾತ್ರ ಟೆರಾಕಾಪಿ ಕಣ್ಣಿಲ್ಲದ ನಕಲನ್ನೂ ನೋಡಿ ಸರಿಯಿದೆ ಎಂದೇ ಹೇಳುತ್ತದೆ.